ಸ್ಥಾನ ತಪ್ಪಿದ ಇಂಪ್ಲಾಂಟ್: ಅದರ ಮೇಲೆ ಹಲ್ಲು ಕಟ್ಟುವ ಬಗೆ

ಹೋದ ಹಲ್ಲಿನ ಬೇರಿಗೆ ಬದಲಾಗಿ ದವಡೆಯ ಮೂಳೆಯಲ್ಲಿ ಕೂರಿಸುವ ಟೈಟಾನಿಯಂ ತಿರುಪೇ ಇಂಪ್ಲಾಂಟ್. ಅದು ಓರೆಯಾಗಿಯೋ, ತೀರ ಆಳಕ್ಕೋ, ತುಟಿಯ ಕಡೆಗೆ ಸರಿದೋ ಕೂತು, ಮೇಲೆ ಬರಬೇಕಾದ ಹಲ್ಲಿಗೆ ಹೊಂದದಿದ್ದರೆ ಸ್ಥಾನ ತಪ್ಪಿದ ಇಂಪ್ಲಾಂಟ್ ಎನಿಸುತ್ತದೆ.

ಇಂಪ್ಲಾಂಟಿನ ಹಿರಿಮೆಯೇ ಇಲ್ಲಿ ತೊಡಕು. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಗೆ ಹಾಕಿದ್ದ ಟೈಟಾನಿಯಂ ಸಾಧನ ಕಿತ್ತರೂ ಬಾರದಷ್ಟು ಬೆಸೆದುಕೊಂಡಿದ್ದನ್ನು ಕಂಡರು. 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಅಳವಡಿಸಿದರು. ಸಹಜ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ನಾರಿನ ತೆಳುಪದರವಿರುವುದರಿಂದ ಕ್ಲಿಪ್ ಹಾಕಿದರೆ ಹಲ್ಲು ಸರಿಯುತ್ತದೆ. ಇಂಪ್ಲಾಂಟಿಗೆ ಆ ಪದರವಿಲ್ಲ. ಬೆಸೆದ ಮೇಲೆ ಜಗ್ಗುವುದಿಲ್ಲ.

ಸ್ಥಾನ ತಪ್ಪುವುದೇಕೆ? ಹಲ್ಲು ಕಿತ್ತ ಜಾಗದಲ್ಲಿ ಮೂಳೆ ಸವೆಯುತ್ತದೆ. ಮೇಲಿನ ಬಾಚಿಹಲ್ಲುಗಳ ಮುಂದಿನ ಮೂಳೆಯಂತೂ ಹಲವರಲ್ಲಿ 1 ಮಿ.ಮೀ.ಗಿಂತ ತೆಳು. ಹಲ್ಲು ಎಲ್ಲಿ ಬರಬೇಕೆಂದು ನೋಡದೆ ಮೂಳೆ ಸಿಕ್ಕ ಕಡೆ ಕೊರೆದರೆ ಇಂಪ್ಲಾಂಟ್ ಓರೆಯಾಗುತ್ತದೆ. ಪಕ್ಕದ ಹಲ್ಲಿನಿಂದ ಕನಿಷ್ಠ 1.5 ಮಿ.ಮೀ., ಎರಡು ಇಂಪ್ಲಾಂಟ್‌ಗಳ ನಡುವೆ 3 ಮಿ.ಮೀ. ಅಂತರ ಬಿಡುವುದು ರೂಢಿಯ ಅಳತೆ. ಬೆಳವಣಿಗೆ ಮುಗಿಯದ ಹುಡುಗರಿಗೆ ಹಾಕಿದರೆ ಇನ್ನೊಂದು ಪಜೀತಿ: ಮೇಲಿನ ದವಡೆ ಬೆಳೆದು ಅಕ್ಕಪಕ್ಕದ ಹಲ್ಲುಗಳು ಕೆಳಗಿಳಿಯುತ್ತವೆ, ಇಂಪ್ಲಾಂಟಿನ ಹಲ್ಲು ಮಾತ್ರ ಮೇಲೆಯೇ ಉಳಿದು ಗಿಡ್ಡವಾಗಿ ಕಾಣುತ್ತದೆ.

ಇಂಪ್ಲಾಂಟಿನ ಮೇಲೆ ಕೂರುವ ಕೃತಕ ಹಲ್ಲನ್ನು, ಅಂದರೆ ಕ್ಯಾಪನ್ನು, ಮಾಡುವ ಮೊದಲು ಅಳತೆ ತೆಗೆದು, ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣದ ಹಲ್ಲು ಕೂರಿಸಿ ನೋಡುವುದು ಒಳ್ಳೆಯದು. ಕ್ಯಾಪನ್ನು ಇಂಪ್ಲಾಂಟಿಗೆ ಬಿಗಿಯುವ ತಿರುಪಿನ ತೂತು ಹಲ್ಲಿನ ಹಿಂಬದಿಗೆ ಬಂದರೆ ಚಿಂತೆಯಿಲ್ಲ. ಎದುರಿಗೆ ಕಾಣುವ ಮೈಯಲ್ಲೇ ಬಂದರೆ ಅಡ್ಡದಾರಿ ಹುಡುಕಬೇಕು. ಕಂಪನಿಗಳು 15, 25 ಡಿಗ್ರಿ ಬಾಗಿದ ಅಬಟ್‌ಮೆಂಟ್‌ಗಳನ್ನು ಸಿದ್ಧವಾಗಿಯೇ ಮಾರುತ್ತವೆ. ಅಬಟ್‌ಮೆಂಟ್ ಅಂದರೆ ಇಂಪ್ಲಾಂಟಿಗೂ ಕ್ಯಾಪಿಗೂ ನಡುವಿನ ಕೊಂಡಿ. ಅದರ ಮೇಲೆ ಕ್ಯಾಪನ್ನು ಸಿಮೆಂಟಿನಿಂದ ಅಂಟಿಸಿದರೆ ತೂತಿನ ಗೊಡವೆಯಿಲ್ಲ. ಆದರೆ ಇಂಪ್ಲಾಂಟ್ ಆಳದಲ್ಲಿದ್ದಾಗ ಹೆಚ್ಚಾದ ಸಿಮೆಂಟ್ ವಸಡಿನ ಒಳಗೆ ಉಳಿದು, ಕೀವಾಗಿ, ಮೂಳೆಯನ್ನೇ ತಿನ್ನಬಹುದು. ಅಂಥಲ್ಲಿ ತೂತಿನ ದಾರಿಯನ್ನೇ ಸುಮಾರು 25 ಡಿಗ್ರಿಯವರೆಗೆ ಬಾಗಿಸಿದ, ವಿಶೇಷ ಸ್ಕ್ರೂಡ್ರೈವರಿನಿಂದ ಬಿಗಿಯುವ ಕ್ಯಾಪ್ ಮೇಲು.

ಓರೆಯನ್ನು ಮರೆಸಬಹುದು, ತುಟಿಯ ಕಡೆ ಸರಿದದ್ದನ್ನು ಮರೆಸುವುದು ಕಷ್ಟ. ಮುಂದಿನ ವಸಡು ಜಾರಿ ಹಲ್ಲು ಉದ್ದವಾಗಿ ಕಾಣುತ್ತದೆ. ಗುಲಾಬಿ ಬಣ್ಣದ ಪಿಂಗಾಣಿಯಿಂದ ವಸಡಿನ ಭ್ರಮೆ ತರಿಸುವುದುಂಟು. ನಕ್ಕಾಗ ವಸಡು ಕಾಣದಿರುವುದು ಕೆಲವರ ಪುಣ್ಯ, ಅವರಿಗೆ ಅದೂ ಬೇಡ. ಕ್ಯಾಪಿನ ಆಕಾರ ಹೇಗೇ ಇರಲಿ, ಬುಡಕ್ಕೆ ಸಣ್ಣ ಬ್ರಷ್ ಹೋಗುವಂತಿರಬೇಕು.

ಯಾವುದೂ ಹೊಂದದಿದ್ದರೆ ಇಂಪ್ಲಾಂಟನ್ನು ವಸಡಿನಡಿ ಹಾಗೇ ಮಲಗಿಸಿ, ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಬ್ರಿಡ್ಜ್ ಕಟ್ಟುತ್ತಾರೆ. ಇಲ್ಲವೇ ಇಂಪ್ಲಾಂಟನ್ನೇ ಹಿಮ್ಮುಖ ತಿರುಗಿಸಿ ಹೊರತೆಗೆದು, ಅಗತ್ಯವಿದ್ದರೆ ಮೂಳೆಪುಡಿ ತುಂಬಿ, ಕೆಲವು ತಿಂಗಳು ಕಾದು ಹೊಸದನ್ನು ಕೂರಿಸುತ್ತಾರೆ.