ಕಲ್ಯಾಣದ ಹಡಪ, ನಾಲಿಗೆಯ ಬುಡ

ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರದಿಂದ ಬಸವಕಲ್ಯಾಣ ಬಹಳ ದೂರವೇನಲ್ಲ. ಒಂಬತ್ತು ಶತಮಾನಗಳ ಹಿಂದೆ ಅದು ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ರಾಜನೀತಿ, ಆನೆ, ಅಡುಗೆ, ಸಂಗೀತ ಎಲ್ಲಕ್ಕೂ ಜಾಗವಿರುವ, ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ಸ್ನಾನ, ಅನ್ನ, ವಸ್ತ್ರಗಳಂತೆ ತಾಂಬೂಲವೂ ಅರಸನ ಭೋಗಗಳಲ್ಲಿ ಒಂದು. ಎಲೆ, ಅಡಕೆ, ಸುಣ್ಣದ ಜೊತೆಗೆ ಕರ್ಪೂರ, ಕಸ್ತೂರಿಗಳೂ ಬಾಯಿ ಸೇರುತ್ತಿದ್ದವು.

ಇದು ಬರೀ ಶೋಕಿಯಾಗಿರಲಿಲ್ಲ. ಮಂತ್ರಾಲೋಚನೆ ನಡೆಯುವುದು ಕಿವಿಯ ಹತ್ತಿರ. ಅಲ್ಲಿ ಬಾಯಿ ನಾರಿದರೆ ಮಾತಿನ ತೂಕವೇ ಇಳಿದೀತು. ತಾಂಬೂಲದ ಚೀಲಕ್ಕೆ ಹಡಪ ಎಂದು ಹೆಸರು. ಅದನ್ನು ಹಿಡಿದು ಸದಾ ಪಕ್ಕದಲ್ಲಿರುವವನು ಒಡೆಯನ ಆಪ್ತ. ಅದೇ ಕಲ್ಯಾಣದ ಶರಣ ಹಡಪದ ಅಪ್ಪಣ್ಣನ ಹೆಸರಿನಲ್ಲಿ ಈ ಕಾಯಕ ಇಂದಿಗೂ ಉಳಿದಿದೆ.

ಆದರೆ ಕರ್ಪೂರ ನಾತವನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ಸೋಮೇಶ್ವರನಿಗಿಂತ ಬಹಳ ಹಿಂದಿನ ‘ಚರಕ ಸಂಹಿತೆ’ಗೆ ಈ ವ್ಯತ್ಯಾಸ ಗೊತ್ತಿತ್ತು. ನಾಲಿಗೆಯ ಬುಡದಲ್ಲಿ ಕೂತ ಕೊಳೆಯೇ ದುರ್ಗಂಧಕ್ಕೆ ಕಾರಣ, ಆದ್ದರಿಂದ ನಾಲಿಗೆಯನ್ನು ಹೆರೆಯಬೇಕು ಎನ್ನುತ್ತದೆ ಅದು. ಚಿನ್ನ, ಬೆಳ್ಳಿ, ತಾಮ್ರದ ಪಟ್ಟಿಗಳು ಇದಕ್ಕೆ ಆಗುತ್ತವೆ. ಲವಂಗ, ಏಲಕ್ಕಿ, ಜಾಯಿಕಾಯಿ, ಅಡಕೆ, ವೀಳ್ಯದೆಲೆಗಳ ಮಾತು ಬರುವುದು ಅದರ ನಂತರ. ಅರಮನೆಯಲ್ಲಿ ಈ ಎರಡನೆಯದೇ ಕಲೆಯಾಗಿ ಬೆಳೆಯಿತು. ನಾಲಿಗೆ ಹೆರೆಯುವುದನ್ನು ಭೋಗವೆಂದು ಯಾರು ತಾನೆ ಹಾಡಿಹೊಗಳಿಯಾರು? ಅದು ಬಚ್ಚಲುಮನೆಯಲ್ಲಿ, ಬೇವಿನ ಕಡ್ಡಿಯ ಜೊತೆಗೆ ಉಳಿದುಕೊಂಡಿತು.

ಪಶ್ಚಿಮದಲ್ಲೂ ಕಥೆ ಹೆಚ್ಚು ಬೇರೆಯಲ್ಲ. 1874ರಲ್ಲಿ ಅಮೆರಿಕದ ವೈದ್ಯ ಜೋಸೆಫ್ ಹೋವ್ ಉಸಿರಿನ ದುರ್ನಾತದ ಮೇಲೆಯೇ ಒಂದು ಪುಸ್ತಕ ಬರೆದ. 1920ರ ದಶಕದಲ್ಲಿ ಲಿಸ್ಟರಿನ್ ಕಂಪನಿಯ ಜಾಹೀರಾತುಗಳು ‘ಹ್ಯಾಲಿಟೋಸಿಸ್’ ಎಂಬ ವೈದ್ಯರ ಪದವನ್ನು ಮನೆಮಾತಾಗಿಸಿದವು. ಬಾಯಿ ನಾರಿದರೆ ಮದುವೆಯೇ ಆಗದು ಎಂಬ ಭಯವನ್ನು ಬಿತ್ತಿ ಔಷಧಿ ಮಾರಿದರು. ಭಯ ಹೊಸದು, ಉಪಾಯ ಮಾತ್ರ ಕರ್ಪೂರದ್ದೇ.

ವಿಜ್ಞಾನ ಮತ್ತೆ ನಾಲಿಗೆಯ ಬುಡಕ್ಕೆ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಕೆನಡಾದ ಜೋಸೆಫ್ ಟೋನ್‌ಜೆಟಿಚ್ ಮೊದಲಾದವರು ಈ ನಾತದ ಮುಖ್ಯ ಕಾರಣ ಗಂಧಕಯುಕ್ತ ಅನಿಲಗಳೆಂದು ತೋರಿಸಿದರು. ಆಹಾರದ ಚೂರು, ಉದುರಿದ ಜೀವಕೋಶಗಳಲ್ಲಿರುವ ಪ್ರೋಟೀನನ್ನು ಗಾಳಿಯಿಲ್ಲದ ಸಂದಿಗಳಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಕೊಳೆಸಿದಾಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅವುಗಳ ನೆಲೆ ನಾಲಿಗೆಯ ಹಿಂಭಾಗ ಮತ್ತು ವಸಡಿನ ಸಂದಿ. ಜೊಲ್ಲು ಕಡಿಮೆಯಾದಾಗ ಅವುಗಳಿಗೆ ಸುಗ್ಗಿ. ಬೆಳಗಿನ ಬಾಯಿ ಎಲ್ಲರದೂ ನಾರುವುದು ಇದರಿಂದಲೇ. ಹೊಟ್ಟೆ ಕೆಟ್ಟಿದ್ದರಿಂದ ಬಾಯಿನಾತ ಎಂಬ ನಂಬಿಕೆ ಹೆಚ್ಚಿನವರ ಮಟ್ಟಿಗೆ ತಪ್ಪು.

ನಾತ ಮುಚ್ಚುವ ಪದಾರ್ಥವೇ ಅಪಾಯ ಎಂಬುದು ತಿಳಿದದ್ದು ಇನ್ನೂ ತಡವಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದಿದ್ದರೂ ಅಡಕೆ ಕ್ಯಾನ್ಸರ್‌ಕಾರಕ ಎಂದಿತು. ಅಡಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆಯೂ ಕಾಣಿಸುತ್ತದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಊಟದ ಮೇಲಿನ ಎಲೆ-ಅಡಕೆಯನ್ನು ಮಾತ್ರ ಯಾರೂ ವಿಷವೆಂದು ನೋಡುವುದಿಲ್ಲ, ಮದುವೆಮನೆಯಲ್ಲಂತೂ ಅದೇ ಮರ್ಯಾದೆ.

ದಿನವೂ ನಾಲಿಗೆಯನ್ನು ಹಿಂದಿನವರೆಗೆ ಮೆಲ್ಲಗೆ ಹೆರೆದು, ಎರಡು ಹೊತ್ತು ಹಲ್ಲುಜ್ಜಿ, ಸಂದಿಗಳನ್ನು ಶುಚಿ ಮಾಡಿ, ಸಾಕಷ್ಟು ನೀರು ಕುಡಿದರೂ ನಾತ ಹೋಗದಿದ್ದರೆ ಮೊದಲು ಕಾಣಬೇಕಾದವರು ದಂತವೈದ್ಯರು. ವಸಡಿನಲ್ಲಿ ರಕ್ತ, ಗಟ್ಟಿಯಾದ ಪಾಚಿ, ಹುಳುಕು ಹಲ್ಲು ಇದ್ದರೆ ಅಲ್ಲಿಯೇ ಪರಿಹಾರ ಸಿಗುತ್ತದೆ. ಅಲ್ಲಿ ಏನೂ ಕಾಣದಿದ್ದರೆ ಟಾನ್ಸಿಲ್ ಮತ್ತು ಸೈನಸ್ ಪರೀಕ್ಷೆ. ಸಕ್ಕರೆ ಕಾಯಿಲೆಯವರ ಉಸಿರು ಹಣ್ಣಿನಂತೆ ಸಿಹಿಯಾಗಿ ವಾಸನೆ ಬರತೊಡಗಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು.