ಡಿಟಿಪಿ ಕಡತಗಳ ವಲಸೆ: ಪೇಜ್‌ಮೇಕರ್‌ನಿಂದ ಅಂತರಜಾಲದ ಟೆಂಪ್ಲೇಟ್‌ವರೆಗೆ

ನಿಮ್ಮ ಶಾಲೆಯ ವಿಜ್ಞಾನ ಸಂಘ 2003ರಲ್ಲಿ ಒಂದು ಸ್ಮರಣ ಸಂಚಿಕೆ ತಂದಿತ್ತು ಎಂದುಕೊಳ್ಳಿ. ಪುಟಗಳನ್ನು ಪೇಜ್‌ಮೇಕರ್‌ನಲ್ಲಿ ಜೋಡಿಸಿದ ಕಡತ ಸಿಡಿಯಲ್ಲಿ ಉಳಿದಿದೆ. ಈಗ ಆ ಲೇಖನಗಳನ್ನು ಅಂತರಜಾಲದ ವಿನ್ಯಾಸ ತಂತ್ರಾಂಶವೊಂದಕ್ಕೆ ಏರಿಸಿ, ಹೊಸ ಟೆಂಪ್ಲೇಟಿನಲ್ಲಿ ಕೂರಿಸಿ, ತಿದ್ದಿ ಮತ್ತೆ ಮುದ್ರಿಸುವ ಆಸೆ ನಿಮಗಿದೆ. ಆದರೆ ಕಡತ ತೆರೆಯುವುದಿಲ್ಲ. ಹೇಗೋ ತೆರೆದರೂ ಕನ್ನಡ ಇರಬೇಕಾದ ಕಡೆ ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹೀಗೇಕೆ ಆಗುತ್ತದೆ? ಕಡತ ಕೆಟ್ಟುಹೋಗಿದೆಯೆ? ಬಹುತೇಕ ಸಂದರ್ಭಗಳಲ್ಲಿ ಇಲ್ಲ. ಕಾರಣ ತಿಳಿಯಲು ಡಿಟಿಪಿಯ ಇತಿಹಾಸವನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಮೇಜಿನ ಮೇಲೆ ಮುದ್ರಣಾಲಯ

1982ರಲ್ಲಿ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಷ್ಕಿ ಅಮೆರಿಕದಲ್ಲಿ ಅಡೋಬಿ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಪೋಸ್ಟ್‌ಸ್ಕ್ರಿಪ್ಟ್ ಎಂಬ ಗಣಕ ಭಾಷೆ ಪುಟವನ್ನು ರೇಖೆ, ವಕ್ರರೇಖೆ ಮತ್ತು ಅಕ್ಷರಗಳ ಗಣಿತ ವಿವರಣೆಯಾಗಿ ಬರೆಯುತ್ತಿತ್ತು. ಆದ್ದರಿಂದ ಒಂದೇ ಪುಟವನ್ನು ಇಂಚಿಗೆ 300 ಚುಕ್ಕೆಗಳ ಲೇಸರ್ ಮುದ್ರಕದಲ್ಲೂ, ಸಾವಿರಕ್ಕೂ ಹೆಚ್ಚು ಚುಕ್ಕೆಗಳ ಫೋಟೊ ಅಕ್ಷರಜೋಡಣೆ ಯಂತ್ರದಲ್ಲೂ ಪಡೆಯಬಹುದಾಯಿತು. 1985ರಲ್ಲಿ ಆಪಲ್ ಸಂಸ್ಥೆಯ ಲೇಸರ್‌ರೈಟರ್ ಮುದ್ರಕ ಈ ಭಾಷೆಯೊಂದಿಗೆ ಮಾರುಕಟ್ಟೆಗೆ ಬಂತು. ಅದೇ ವರ್ಷ ಪಾಲ್ ಬ್ರೈನರ್ಡ್ ಅವರ ಆಲ್ಡಸ್ ಸಂಸ್ಥೆ ಪೇಜ್‌ಮೇಕರ್ ತಂತ್ರಾಂಶವನ್ನು ಹೊರತಂದಿತು. ವೆನಿಸ್ ನಗರದ ಹಳೆಯ ಮುದ್ರಕ ಆಲ್ಡಸ್ ಮನೂಷಿಯಸ್‌ನ ಹೆಸರನ್ನೇ ಸಂಸ್ಥೆಗೆ ಇಡಲಾಗಿತ್ತು. 'ಡೆಸ್ಕ್‌ಟಾಪ್ ಪಬ್ಲಿಷಿಂಗ್' ಎಂಬ ಮಾತು ಬಳಕೆಗೆ ಬಂದದ್ದೂ ಬ್ರೈನರ್ಡ್ ಅವರಿಂದಲೇ.

1994ರಲ್ಲಿ ಆಲ್ಡಸ್ ಅಡೋಬಿಯಲ್ಲಿ ವಿಲೀನವಾಯಿತು. 1999ರಲ್ಲಿ ಅಡೋಬಿ ಇನ್‌ಡಿಸೈನ್ ಎಂಬ ಹೊಸ ತಂತ್ರಾಂಶವನ್ನು ತಂದಿತು. 2001ರ ಪೇಜ್‌ಮೇಕರ್ 7.0 ಆ ಸಾಲಿನ ಕೊನೆಯ ಆವೃತ್ತಿಯಾಯಿತು. ತಂತ್ರಾಂಶದ ಬೆಳವಣಿಗೆ ನಿಂತರೂ ನಮ್ಮ ಡಿಟಿಪಿ ಕೇಂದ್ರಗಳಲ್ಲಿ ಅದರ ಬಳಕೆ ಬಹುಕಾಲ ನಿಲ್ಲಲಿಲ್ಲ.

ಕಡತದೊಳಗೆ ಏನಿದೆ?

ಯಾವುದೇ ಪುಟವಿನ್ಯಾಸ ಕಡತದಲ್ಲಿ ಮುಖ್ಯವಾಗಿ ಮೂರು ಬಗೆಯ ಮಾಹಿತಿ ಇರುತ್ತದೆ. ಚೌಕಟ್ಟು ಪುಟದ ಯಾವ ಸ್ಥಳದಲ್ಲಿದೆ ಎಂಬ ಜ್ಯಾಮಿತಿ ಒಂದು. ಚೌಕಟ್ಟಿನೊಳಗೆ ಹರಿಯುವ ಪಠ್ಯ ಎರಡನೆಯದು. ಪಠ್ಯಕ್ಕೆ ರೂಪ ಕೊಡುವ ಫಾಂಟ್, ಗಾತ್ರ, ಸಾಲುಗಳ ಅಂತರ ಮುಂತಾದ ಸೂಚನೆಗಳು ಮೂರನೆಯವು. ಫಾಂಟ್ ಮಾತ್ರ ಸಾಮಾನ್ಯವಾಗಿ ಕಡತದಲ್ಲಿ ಇರುವುದಿಲ್ಲ, ಅದರ ಹೆಸರಷ್ಟೇ ಇರುತ್ತದೆ. ಈ ಅಂಶವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪೇಜ್‌ಮೇಕರ್ ಈ ಮಾಹಿತಿಯನ್ನು ತನಗಷ್ಟೇ ಅರ್ಥವಾಗುವ ದ್ವಿಮಾನ ರೂಪದಲ್ಲಿ ಬರೆಯುತ್ತಿತ್ತು. ಅದನ್ನು ಓದುವ ತಂತ್ರಾಂಶ ಮರೆಯಾದರೆ ಕಡತವೂ ಮೂಕವಾಗುತ್ತದೆ. 2012ರ ಇನ್‌ಡಿಸೈನ್ ಸಿಎಸ್6ರವರೆಗೆ ಪೇಜ್‌ಮೇಕರ್ 6.0 ಮತ್ತು ನಂತರದ ಕಡತಗಳನ್ನು ತೆರೆಯಬಹುದಿತ್ತು. ಅದರ ಮುಂದಿನ ಇನ್‌ಡಿಸೈನ್ ಆವೃತ್ತಿಗಳಲ್ಲಿ ಈ ಸೌಲಭ್ಯ ಇಲ್ಲ. 2015ರ ಜನವರಿಯಲ್ಲಿ ಬಂದ ಲಿಬ್ರೆ ಆಫೀಸ್ 4.4 ಎಂಬ ಮುಕ್ತ ತಂತ್ರಾಂಶ ಪೇಜ್‌ಮೇಕರ್ ಕಡತಗಳನ್ನು ಓದುವ ಶೋಧಕವನ್ನು ಸೇರಿಸಿಕೊಂಡಿತು.

2008ರಲ್ಲಿ ಇನ್‌ಡಿಸೈನ್ ಸಿಎಸ್4ರೊಂದಿಗೆ ಬಂದ ಐಡಿಎಂಎಲ್ ಎಂಬ ವಿನಿಮಯ ರೂಪ ಮಹತ್ವದ ಹೆಜ್ಜೆ. ಇದು ವಾಸ್ತವವಾಗಿ ಒಂದು ಜಿಪ್ ಕಟ್ಟು. ಬಿಚ್ಚಿ ನೋಡಿದರೆ ಒಳಗೆ ಎಕ್ಸ್‌ಎಂಎಲ್ ಕಡತಗಳು ಸಿಗುತ್ತವೆ. ಪುಟಗಳ ಜ್ಯಾಮಿತಿ 'ಸ್ಪ್ರೆಡ್ಸ್' ಕಡತಕೋಶದಲ್ಲಿ, ಪಠ್ಯ 'ಸ್ಟೋರೀಸ್' ಕಡತಕೋಶದಲ್ಲಿ ಬೇರೆಬೇರೆಯಾಗಿರುತ್ತವೆ. ವಿದ್ಯಾರ್ಥಿಗಳು ಒಮ್ಮೆ ಬಿಚ್ಚಿ ನೋಡಬೇಕಾದ ರಚನೆ ಇದು.

ಜಾಲದಲ್ಲಿ ವಿನ್ಯಾಸ

2007ರಲ್ಲಿ ಆಸ್ಟ್ರೇಲಿಯದ ಮೆಲನಿ ಪರ್ಕಿನ್ಸ್ ಮತ್ತು ಕ್ಲಿಫ್ ಒಬ್ರೆಕ್ಟ್ 'ಫ್ಯೂಷನ್ ಬುಕ್ಸ್' ಎಂಬ ಸೇವೆ ಆರಂಭಿಸಿದರು. ಶಾಲೆಗಳು ತಮ್ಮ ವಾರ್ಷಿಕ ಸಂಚಿಕೆಗಳನ್ನು ಜಾಲದಲ್ಲೇ ವಿನ್ಯಾಸಗೊಳಿಸಲು ಅದು ನೆರವಾಗುತ್ತಿತ್ತು. ಅದೇ ಕಲ್ಪನೆ ಬೆಳೆದು 2013ರಲ್ಲಿ ಕ್ಯಾನ್ವಾ ಆಯಿತು. ಅದೇ ವರ್ಷ ಬಂದ ಲೂಸಿಡ್‌ಪ್ರೆಸ್ (2022ರಿಂದ ಇದರ ಹೆಸರು ಮಾರ್ಕ್) ಐಡಿಎಂಎಲ್ ಕಡತಗಳನ್ನು ಆಮದು ಮಾಡಿಕೊಳ್ಳುವ ಸೌಲಭ್ಯವನ್ನೂ ನೀಡಿತು. ಪಿಡಿಎಫ್ ಕಡತಗಳನ್ನು ಒಳಗೆ ತೆಗೆದುಕೊಳ್ಳುವ ಇಂಥ ಸೇವೆಗಳು ಇನ್ನೂ ಹಲವು.

ಆಮದು ಎಂದರೆ ನಕಲಲ್ಲ, ಅನುವಾದ. ಐಡಿಎಂಎಲ್‌ನಲ್ಲಿ 'ಇದು ಶೀರ್ಷಿಕೆ, ಇದು ಪರಿಚ್ಛೇದ' ಎಂಬ ತಿಳಿವಳಿಕೆ ಇರುವುದರಿಂದ ಅನುವಾದ ಸುಲಭ. 1993ರಲ್ಲಿ ಬಂದು 2008ರಲ್ಲಿ ಐಎಸ್ಒ ಮಾನಕವಾದ ಪಿಡಿಎಫ್‌ನ ಉದ್ದೇಶವೇ ಬೇರೆ. ಎಲ್ಲ ಯಂತ್ರಗಳಲ್ಲೂ ಪುಟ ಒಂದೇ ರೀತಿ ಕಾಣಬೇಕು ಎಂಬುದಷ್ಟೇ ಅದರ ಗುರಿಯಾಗಿತ್ತು. ಬಹಳಷ್ಟು ಪಿಡಿಎಫ್‌ಗಳಲ್ಲಿ 'ಈ ಅಕ್ಷರಾಕೃತಿಯನ್ನು ಈ ಬಿಂದುವಿನಲ್ಲಿ ಇಡು' ಎಂಬ ಆದೇಶಗಳಿರುತ್ತವೆಯೇ ಹೊರತು ಪರಿಚ್ಛೇದದ ಅರಿವು ಇರುವುದಿಲ್ಲ. ಸಾಲುಗಳ ಅಂತರ ನೋಡಿ ಪರಿಚ್ಛೇದವನ್ನು ಊಹಿಸುವ ಹೊಣೆ ಆಮದು ಮಾಡಿಕೊಳ್ಳುವ ತಂತ್ರಾಂಶದ ಮೇಲೆ ಬೀಳುತ್ತದೆ.

ಸಾಲು ಮುರಿಯುವ ವಿಧಾನವೂ ಬೇರೆಬೇರೆ. ಇನ್‌ಡಿಸೈನ್ ಇಡೀ ಪರಿಚ್ಛೇದವನ್ನು ಗಮನಿಸಿ ಸಾಲುಗಳನ್ನು ಹೊಂದಿಸಬಲ್ಲದು. ಜಾಲದರ್ಶಕಗಳು ಸಾಮಾನ್ಯವಾಗಿ ಒಂದು ಸಾಲು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುತ್ತವೆ. ಹಾಗಾಗಿ ಅದೇ ಪಠ್ಯ, ಅದೇ ಚೌಕಟ್ಟು ಇದ್ದರೂ ಕೊನೆಯ ಸಾಲು ಹೊರಗೆ ಉಳಿಯಬಹುದು.

ಕನ್ನಡದ ವಿಶೇಷ ತೊಡಕು

ಇಂಗ್ಲಿಷ್ ಕಡತಗಳಿಗೆ ತೊಂದರೆ ಇಷ್ಟಕ್ಕೇ ಮುಗಿಯುತ್ತದೆ. ಕನ್ನಡಕ್ಕೆ ನಿಜವಾದ ತೊಡಕು ಇಲ್ಲಿಂದ ಆರಂಭ.

ಪೇಜ್‌ಮೇಕರ್ ಒಂದು ಅಕ್ಷರಕ್ಕೆ ಎಂಟು ಬಿಟ್‌ಗಳನ್ನು ಬಳಸುತ್ತಿತ್ತು. ಎಂದರೆ ಫಾಂಟಿನಲ್ಲಿ ಹೆಚ್ಚೆಂದರೆ 256 ಸ್ಥಾನಗಳು. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಅದರಲ್ಲಿ ಹಿಡಿಸುವುದಿಲ್ಲ. ಹಿಂದಿನ ಅಚ್ಚುಮೊಳೆಗಳ ಹಾಗೆ ಅಕ್ಷರಗಳನ್ನು ತುಂಡು ಮಾಡಿ, ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಲಾಯಿತು. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳು ತಮ್ಮದೇ ಕ್ರಮ ಅನುಸರಿಸಿದವು. ಈ ಗೊಂದಲ ತಪ್ಪಿಸಲು ರಾಜ್ಯ ಸರ್ಕಾರ ಒಂದು ಏಕರೂಪ ಸಂಕೇತಪಟ್ಟಿಯನ್ನು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಅದರಂತೆ ನಡೆಯಿತು.

ನುಡಿಯ ಫಾಂಟಿನಲ್ಲಿ 'ಕನ್ನಡ' ಎಂಬ ಪದವನ್ನೇ ನೋಡಿ. 'ಕ'ದ ಒಡಲು ರೋಮನ್‌ನ ದೊಡ್ಡ 'ಪಿ' ಸ್ಥಾನದಲ್ಲಿದೆ. ತಲೆಕಟ್ಟು ನೆತ್ತಿಯ ಮೇಲೆ ಗೆರೆಯಿರುವ 'ಎ'ಯಲ್ಲಿದೆ. 'ನ'ದ ಒಡಲು ಬ್ರಿಟನ್ನಿನ ಪೌಂಡ್ ಚಿಹ್ನೆಯಲ್ಲಿದೆ. 'ನ'ದ ಒತ್ತು ಜರ್ಮನ್ ಭಾಷೆಯ ಜೋಡಿ 'ಎಸ್' ಅಕ್ಷರದಲ್ಲಿದೆ. ಹೀಗೆ ಒಟ್ಟು ಏಳು ಸಂಕೇತಗಳು. ನುಡಿ ಫಾಂಟ್ ಇದ್ದರೆ ಕಣ್ಣಿಗೆ 'ಕನ್ನಡ' ಕಾಣುತ್ತದೆ, ಇಲ್ಲದಿದ್ದರೆ ರೋಮನ್ ಕಲಸುಮೇಲೋಗರ. ಜಾಲದ ಟೆಂಪ್ಲೇಟಿಗೆ ಆ ಫಾಂಟ್ ಗೊತ್ತಿಲ್ಲ. ಅದು ಬೇರೊಂದನ್ನು ಬಳಸುತ್ತದೆ, ಗುಟ್ಟು ಬಯಲಾಗುತ್ತದೆ. ಕಡತದಲ್ಲಿ ಇದ್ದದ್ದು ಕನ್ನಡದ ಆಕಾರ, ಕನ್ನಡದ ಅಕ್ಷರವಲ್ಲ.

1991ರಲ್ಲಿ ಪ್ರಕಟವಾದ ಯುನಿಕೋಡ್ ಕನ್ನಡಕ್ಕೆ ತನ್ನದೇ ಸಂಕೇತಗಳನ್ನು ಕೊಟ್ಟಿತು. ಅಲ್ಲಿ 'ಕನ್ನಡ' ಎಂದರೆ ಕ, ನ, ವಿರಾಮ, ನ, ಡ ಎಂಬ ಐದು ಸಂಕೇತಗಳು. ಆಕಾರ ಕಟ್ಟುವ ಕೆಲಸ ಫಾಂಟಿನದು ಮತ್ತು ಗಣಕದ್ದು. ಆದರೆ ವಿಂಡೋಸ್ ಈ ಕೆಲಸ ಕಲಿತದ್ದು 2001ರ ಎಕ್ಸ್‌ಪಿಯಲ್ಲಿ, ಇನ್‌ಡಿಸೈನ್ ಭಾರತೀಯ ಲಿಪಿಗಳಿಗೆ ಅಧಿಕೃತವಾಗಿ ಬೆಂಬಲ ನೀಡಿದ್ದು 2012ರಲ್ಲಿ. ನಡುವಿನ ವರ್ಷಗಳಲ್ಲಿ ಅಸಂಖ್ಯ ಕನ್ನಡ ಪುಟಗಳು ಹಳೆಯ ಸಂಕೇತಗಳಲ್ಲೇ ತಯಾರಾದವು.

ಪರಿವರ್ತನೆ: ಎಚ್ಚರ ಎಲ್ಲಿ?

ಹಳೆಯ ಸಂಕೇತಗಳನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬರಿಯ ಪಟ್ಟಿ ಹಿಡಿದು ಬದಲಿಸಿದರೆ ಮಾತ್ರ ಸಾಲದು. 'ಕರ್ನಾಟಕ'ದ ಅರ್ಕಾವೊತ್ತು ನುಡಿಯಲ್ಲಿ 'ನಾ' ಆದ ಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ಕ್ರಮವನ್ನೂ ಬದಲಿಸಬೇಕು.

ವಿಜ್ಞಾನ ಲೇಖನಗಳಲ್ಲಿ ಇನ್ನೊಂದು ಅಪಾಯವಿದೆ. ನುಡಿಯಲ್ಲಿ 'ಊ' ಮತ್ತು 'ಔ' ಅಕ್ಷರಗಳು ರೋಮನ್‌ನ ದೊಡ್ಡ 'ಎಚ್' ಮತ್ತು 'ಓ' ಸ್ಥಾನಗಳಲ್ಲಿವೆ. ಪಠ್ಯವನ್ನು ಸರಳವಾಗಿ ನಕಲು ಮಾಡಿ ಪರಿವರ್ತಿಸಿದರೆ ನೀರಿನ ಅಣುಸೂತ್ರ 'ಊ2ಔ' ಆಗಿಬಿಡುತ್ತದೆ! ಯಾವುದು ಕನ್ನಡ, ಯಾವುದು ಸೂತ್ರ ಎಂದು ಹೇಳಬಲ್ಲದ್ದು ಫಾಂಟಿನ ಹೆಸರೊಂದೇ. ನಕಲು ಮಾಡುವಾಗ ಕಳೆದುಹೋಗುವುದೂ ಅದೇ.

ಪಿಡಿಎಫ್ ಏರಿಸಿದರೆ ಫಾಂಟ್ ಅದರೊಳಗೇ ಅಡಕವಾಗಿರುವುದರಿಂದ ಪುಟ ಚೆನ್ನಾಗಿಯೇ ಕಾಣಬಹುದು. ಆದರೆ ಒಂದು ಪದ ತಿದ್ದಲು ಹೋಗಿ, ಅಥವಾ ಒಂದು ಪದ ಹುಡುಕಿ ನೋಡಿ; ಸಮಸ್ಯೆ ಅಲ್ಲೇ ಇದೆ ಎಂಬುದು ತಿಳಿಯುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಹಳೆಯ ಕಡತವನ್ನು ಲಿಬ್ರೆ ಆಫೀಸ್‌ನಲ್ಲಿ ಅಥವಾ ಹಳೆಯ ಇನ್‌ಡಿಸೈನ್‌ನಲ್ಲಿ ತೆರೆಯಿರಿ. ಫಾಂಟಿನ ಹೆಸರನ್ನು ಗುರುತು ಹಾಕಿಕೊಳ್ಳಿ. ಆ ಫಾಂಟಿನಲ್ಲಿರುವ ಭಾಗವನ್ನಷ್ಟೇ ಯುನಿಕೋಡ್‌ಗೆ ಪರಿವರ್ತಿಸಿ, ಮುದ್ರಿತ ಪ್ರತಿಯೊಂದಿಗೆ ಕರಡು ತಿದ್ದಿ. ಟೆಂಪ್ಲೇಟಿಗೆ ಏರಿಸುವುದು ಕೊನೆಯ ಹಂತ. ಪಠ್ಯದ ಒಂದು ಯುನಿಕೋಡ್ ಪ್ರತಿಯನ್ನು ಬೇರೆಯಾಗಿ ಕಾಪಾಡಿ, ಏಕೆಂದರೆ ಇಂದಿನ ಜಾಲಸೇವೆಯೂ ನಾಳೆ ಪೇಜ್‌ಮೇಕರ್‌ನ ಹಾದಿ ಹಿಡಿಯಬಹುದು.

1990ರ ದಶಕದಿಂದ ಈಚೆಗೆ ಕನ್ನಡದಲ್ಲಿ ಬಂದ ವಿಜ್ಞಾನ ಬರಹಗಳಲ್ಲಿ ಬಹಳಷ್ಟು ಇಂಥ ಕಡತಗಳಲ್ಲೇ ಉಳಿದಿವೆ. ಯಾವ ಪುಟಕ್ಕೆ ಯಾವ ಫಾಂಟ್ ಬಳಸಿದ್ದೆಂದು ಬಲ್ಲ ಡಿಟಿಪಿ ಕೆಲಸಗಾರರು ಇನ್ನೂ ನಮ್ಮ ನಡುವೆ ಇದ್ದಾರೆ. ನಿಮ್ಮ ಶಾಲೆಯ ಕಪಾಟಿನಲ್ಲಿ ಹಳೆಯ ಸಿಡಿಗಳಿದ್ದರೆ ಅವರನ್ನು ಕೇಳಿ, ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಒಂದು ಸಂಚಿಕೆಯಿಂದ ಕೆಲಸ ಆರಂಭಿಸಿ.