ಸಂಗಮದ ನೀರು, ರಾಜಧಾನಿಯ ದಾಹ

ಖಾದಿಗೆ ಹೆಸರಾದ ಬದನವಾಳು ನಂಜನಗೂಡು ತಾಲ್ಲೂಕಿನ ಊರು. ಈ ಸೀಮೆಯ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಶಿವನಸಮುದ್ರದ ಬಳಿ ತಿರುಗಿಸಿದ ಆ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ಬೆಂಗಳೂರಿಗೆ ಹೋಗುತ್ತದೆ. ರಾಜಧಾನಿಯ ನಲ್ಲಿಗಳಲ್ಲಿ ನಂಜನಗೂಡಿನ ಪಾಲೂ ಇದೆ.

ದೊಡ್ಡ ನದಿಯಿಲ್ಲದ ಬೆಂಗಳೂರನ್ನು ಶತಮಾನಗಳ ಕಾಲ ಸಾಕಿದ್ದು ಕೆರೆ, ಕಲ್ಯಾಣಿ, ಬಾವಿಗಳು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. ಎರಡೂ ನಂಬಿದ್ದು ಅರ್ಕಾವತಿಯನ್ನೇ. ಊರು ಬೆಳೆದಂತೆ ಅದು ಸಾಲದಾಯಿತು. 1964ರಲ್ಲಿ ಜಲಮಂಡಳಿ ರಚನೆಯಾಯಿತು; 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಹರಿಯಿತು. ಮುಂದೆ 1982, 1993, 2002, 2012ರಲ್ಲಿ ಹಂತ ಹಂತವಾಗಿ ಯೋಜನೆ ವಿಸ್ತರಿಸಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರ್‌ಗಳಿಗೆ ಕಾದರು. ಅದೇ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಗೊಂಡಿತು. ನಗರದ ಅಂಚಿನ 110 ಹಳ್ಳಿಗಳಿಗಾಗಿ ರೂಪಿಸಿದ ಇದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್.

ಶುದ್ಧೀಕರಣದ ಕ್ರಮ ಸರಳ. ಪಟಿಕದಂಥ ರಾಸಾಯನಿಕ ಬೆರೆಸಿದಾಗ ನೀರಿನ ಕಲ್ಮಶ ಗಂಟುಕಟ್ಟಿ ತಳ ಸೇರುತ್ತದೆ; ಉಳಿದದ್ದನ್ನು ಮರಳು ಸೋಸುತ್ತದೆ; ರೋಗಾಣುಗಳನ್ನು ಕ್ಲೋರಿನ್ ಕೊಲ್ಲುತ್ತದೆ. ಹೆಚ್ಚು ಖರ್ಚು ಸಾಗಣೆಗೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪ್ ಮಾಡಿ, ಸುಮಾರು ನೂರು ಕಿಲೋಮೀಟರ್ ದೂರಕ್ಕೆ, ಸುಮಾರು ಐನೂರು ಮೀಟರ್ ಎತ್ತರಕ್ಕೆ ನೀರನ್ನು ಏರಿಸಬೇಕು. ನಲ್ಲಿ ತಿರುಗಿಸುವವರಿಗೆ ಆ ವಿದ್ಯುತ್ ಬಿಲ್ ಕಾಣುವುದಿಲ್ಲ.

ಆದರೆ ಪಟಿಕ, ಮರಳು, ಕ್ಲೋರಿನ್‌ಗಳಿಗೂ ಮಿತಿಯಿದೆ. ನೀರಿನಲ್ಲಿ ಕರಗಿದ ಲವಣಗಳನ್ನು ಅವು ತೆಗೆಯಲಾರವು. ಆದ್ದರಿಂದ ಮೇಲ್ದಂಡೆಯ ಊರುಗಳ ಚರಂಡಿ, ಕಾರ್ಖಾನೆಗಳ ತ್ಯಾಜ್ಯ ನದಿ ಸೇರದಂತೆ ತಡೆಯುವುದೂ ಶುದ್ಧೀಕರಣವೇ. ಅದು ಮೊದಲು ಕಾಯುವುದು ದಡದ ಹಳ್ಳಿಗಳ ಆರೋಗ್ಯವನ್ನು.

ನದಿಗೂ ಮಿತಿಯಿದೆ. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಬಳಕೆಗೆಂದು 4.75 ಟಿಎಂಸಿ ಹೆಚ್ಚುವರಿ ನೀರು ಕೊಟ್ಟಿತು. ಪ್ರತಿ ದಶಕಕ್ಕೂ ಇಂಥ ತೀರ್ಪು ಬರುವುದಿಲ್ಲ. ಹತ್ತಿರದ ಕೆರೆಗಳನ್ನು ಕೆಡಿಸಿ ದೂರದ ನದಿಗೆ ಕೈಚಾಚುವುದನ್ನು ನಾವು ಅಭಿವೃದ್ಧಿ ಎಂದು ಕರೆಯುತ್ತಾ ಬಂದೆವು. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲಾಗಬಾರದೆಂದು ಪ್ರವಾದಿಯವರು ಕಲಿಸಿದರು. ಆ ಮಾತು ಮಸೀದಿಯ ಹೌಝಿಗಷ್ಟೇ ಸೀಮಿತವಲ್ಲ. ಯೋಜನೆ ಹಾಕುವವರಿಗೂ, ನಲ್ಲಿ ತಿರುಗಿಸುವ ನಮಗೂ ಅನ್ವಯಿಸುತ್ತದೆ. ಮಳೆನೀರಿನ ಸಂಗ್ರಹ, ಸೋರುವ ಕೊಳವೆಗಳ ದುರಸ್ತಿ, ಕೆರೆಗಳ ರಕ್ಷಣೆ ಇವೆಲ್ಲ ಆರನೇ ಹಂತದ ಮಾತು ಏಳುವ ಮೊದಲೇ ಆಗಬೇಕಾದ ಕೆಲಸಗಳು.